ಹಿರಿಯರ ಕಾಫಿಯ ನೆನಪುಗಳಿಗೆ ಪತ್ರಿಕೆಯಲ್ಲಿ ಜಾಗ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಕಾಫಿ ಆರೋಗ್ಯಕ್ಕೆ ಒಳ್ಳೆಯದೇ ಕೆಟ್ಟದ್ದೇ, ದಿನಕ್ಕೆ ಎಷ್ಟು ಸಲ ಕುಡಿಯಬಹುದು, ಯಾವ ಯಂತ್ರದಲ್ಲಿ ಮಾಡಿದರೆ ರುಚಿ ಹೆಚ್ಚು ಎಂಬ ಬರಹಗಳು ತಮ್ಮ ಪತ್ರಿಕೆಯ ಪುರವಣಿಗಳಲ್ಲಿ ಆಗಾಗ ಬರುತ್ತಿದ್ದು, ಅವನ್ನು ನಾನು ಆಸಕ್ತಿಯಿಂದ ಓದುತ್ತೇನೆ. ಆದರೆ ಇದೇ ಕಾಫಿಯನ್ನು ಅಜ್ಜ ಅಜ್ಜಿಯರ ಕಾಲದವರು ಹೇಗೆ ಹುರಿಯುತ್ತಿದ್ದರು, ಹೇಗೆ ಕುದಿಸುತ್ತಿದ್ದರು, ಯಾವುದರಲ್ಲಿ ಸುರಿದುಕೊಂಡು ಕುಡಿಯುತ್ತಿದ್ದರು ಎಂಬ ಬಗ್ಗೆ ಎಲ್ಲಿಯೂ ಬರವಣಿಗೆ ಕಾಣುವುದಿಲ್ಲ. ಮನೆಮಂದಿ ಸೇರಿದಾಗ ಆಡಿ ನಕ್ಕು ಅಲ್ಲಿಗೇ ಬಿಡುವ ಸಂಗತಿ ಅದು ಎಂಬ ಭಾವನೆ ಬೆಳೆದುಬಿಟ್ಟಿದೆ. ಆ ನೆನಪುಗಳನ್ನು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವನ್ನು ಬರೆದಿಡಬೇಕು, ಅದಕ್ಕೆ ತಮ್ಮ ಪತ್ರಿಕೆ ಅವಕಾಶ ಮಾಡಿಕೊಡಬೇಕು ಎಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಜ್ಜ ಕಪ್ಪಿಗೆ ನೇರವಾಗಿ ಬಾಯಿಟ್ಟು ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ಸಾಸರಿನ ಅಂಚು ಮುಟ್ಟದಷ್ಟು ಕಾಫಿಯನ್ನು ಅದಕ್ಕೆ ಬಗ್ಗಿಸಿಕೊಂಡು, ಕಪ್ಪನ್ನು ಪಕ್ಕಕ್ಕೆ ಸರಿಸಿ, ಸಾಸರನ್ನು ಎರಡೂ ಕೈಗಳ ಬೆರಳ ತುದಿಯಲ್ಲಿ ಎತ್ತಿ, ಮೇಲೆ ಒಂದೇ ಒಂದು ಸಲ ಊದಿ, ಪಕ್ಕದ ಕೋಣೆಗೆ ಕೇಳುವ ಹಾಗೆ ಸೊರ್ರನೆ ಹೀರುತ್ತಿದ್ದರು. ಅದು ಮುಗಿದ ಮೇಲೆ ಮತ್ತೊಮ್ಮೆ ಬಗ್ಗಿಸುವುದು. ಕೊನೆಯ ಸಲ ಬಗ್ಗಿಸುವಾಗ ಕಪ್ಪಿನ ತಳದ ಗಸಿ ಸಾಸರಿಗೆ ಬೀಳದಂತೆ ಕೈ ತಡೆದು ನಿಲ್ಲಿಸುವುದು. ಒಂದು ಹನಿಯೂ ಮಡಿಲಿಗೆ ಬೀಳುತ್ತಿರಲಿಲ್ಲ. ಮನೆಗೆ ಹೊಸಬರು ಬಂದಾಗ ಮಕ್ಕಳಾದ ನಮಗೆ ಆ ಸದ್ದು ಮುಜುಗರ ತರುತ್ತಿತ್ತು, ಅವರಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ.

ಹೀಗೆ ಕುಡಿದವರು ನನ್ನ ಅಜ್ಜ ಒಬ್ಬರೇ ಅಲ್ಲ ಎಂಬುದು ತಿಳಿದದ್ದು ಬಹಳ ಕಾಲದ ನಂತರ. 18ನೇ ಶತಮಾನದ ಯುರೋಪಿನಲ್ಲಿ ಸಾಸರುಗಳು ಇಂದಿನವುಗಳಿಗಿಂತ ಆಳವಾಗಿದ್ದವು. ಬಿಸಿ ಕಾಫಿಯನ್ನೂ ಚಹಾವನ್ನೂ ಅವುಗಳಿಗೆ ಸುರಿದು ಕುಡಿಯುವುದು ಅಲ್ಲಿ ಸಾಮಾನ್ಯವಾಗಿತ್ತು. 19ನೇ ಶತಮಾನದ ಅಮೆರಿಕದಲ್ಲಂತೂ ಸಾಸರಿನಿಂದ ಕುಡಿಯುವಾಗ ಒದ್ದೆ ಕಪ್ಪನ್ನು ಎಲ್ಲಿಡುವುದು ಎಂಬ ತೊಂದರೆಗೆ ಪರಿಹಾರವಾಗಿ, ಕಪ್ಪಿನಡಿ ಇಡಲೆಂದೇ ಅಂಗೈಗಿಂತ ಚಿಕ್ಕದಾದ ಗಾಜಿನ ತಟ್ಟೆಗಳನ್ನು ಕಾರ್ಖಾನೆಗಳು ತಯಾರಿಸುತ್ತಿದ್ದವು. ಸ್ವೀಡನ್ನಿನ ಹಿರಿಯರು ಸಕ್ಕರೆಯ ತುಂಡೊಂದನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿದು, ಸಾಸರಿನಲ್ಲಿದ್ದ ಕಾಫಿಯನ್ನು ಅದರ ಮೂಲಕವೇ ಹೀರಿಕೊಳ್ಳುತ್ತಿದ್ದರು. ಒಲೆಯ ಮೇಲೆ ಕುದಿದು ಇಳಿದ ಕಾಫಿ ಬಾಯಿ ಸುಡುವಷ್ಟು ಬಿಸಿಯಾಗಿರುತ್ತದೆ. ಅಗಲವಾದ, ಆಳವಿಲ್ಲದ ಪಾತ್ರೆಯಲ್ಲಿ ಗಾಳಿಗೆ ಒಡ್ಡಿದ ಮೇಲ್ಮೈ ಹೆಚ್ಚಾಗಿ, ಆವಿಯ ಜೊತೆಗೆ ಬಿಸಿಯೂ ಬೇಗ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಕಾಫಿಯನ್ನು ಕ್ಯಾನ್ಸರಿನ ಶಂಕಿತ ಕಾರಣಗಳ ಪಟ್ಟಿಯಿಂದ ಕೈಬಿಟ್ಟು, 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ಕುಡಿಯುವುದು ಅನ್ನನಾಳಕ್ಕೆ ಅಪಾಯಕಾರಿಯಾಗಿರುವ ಸಂಭವ ಹೆಚ್ಚು ಎಂದು ಹೇಳಿತು. ಅಜ್ಜನ ಬಳಿ ಉಷ್ಣಮಾಪಕ ಇರಲಿಲ್ಲ, ಸಾಸರು ಇತ್ತು. ಆ ಸೊರ್ರೆಂಬ ಸದ್ದಿಗೂ ಅರ್ಥವಿದೆ: ಗಾಳಿಯೊಂದಿಗೆ ಹೀರಿದ ಕಾಫಿ ನಾಲಿಗೆಯ ತುಂಬ ಹರಡಿ, ಅದರ ಪರಿಮಳ ಮೂಗಿನವರೆಗೆ ಏರುತ್ತದೆ ಎಂಬ ಕಾರಣಕ್ಕೆ ಕಾಫಿಯ ಗುಣಮಟ್ಟ ಪರೀಕ್ಷಿಸುವ ವೃತ್ತಿನಿರತರು ಇಂದಿಗೂ ಚಮಚದಿಂದ ಹಾಗೆಯೇ ಸದ್ದು ಮಾಡಿ ಹೀರುತ್ತಾರೆ.

ಅಜ್ಜಿಯ ಕೆಲಸ ಇದಕ್ಕಿಂತ ಬಹಳ ಮೊದಲೇ ಆರಂಭವಾಗುತ್ತಿತ್ತು. ಹಸಿ ಬೀಜವನ್ನು ಕಬ್ಬಿಣದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಕೆದಕುತ್ತಾ ಕೂರುತ್ತಿದ್ದರು. ಹಸಿರು ಹೋಗಿ ಹಳದಿ ತಿರುಗುವಾಗ ಒಣಹುಲ್ಲಿನ ವಾಸನೆ, ಆಮೇಲೆ ಚಟಪಟ ಸಿಡಿಯುವ ಸದ್ದು, ಬಾಣಲೆಯ ತುಂಬ ಹಾರಾಡುವ ಹೊಟ್ಟು. ಬಣ್ಣ ನೋಡಿ ಇಳಿಸುವವರಾಗಿರಲಿಲ್ಲ, ಕಿವಿಗೊಟ್ಟು ಇಳಿಸುತ್ತಿದ್ದರು. ಇಳಿಸಿದ ಕೂಡಲೇ ಅಗಲವಾದ ತಟ್ಟೆಗೆ ಹರಡಿ ಬೀಸುತ್ತಿದ್ದರು, ಏಕೆಂದರೆ ಬಾಣಲೆಯಲ್ಲಿಯೇ ಬಿಟ್ಟರೆ ತನ್ನ ಬಿಸಿಗೆ ತಾನೇ ಬೀಜ ಕರಿಕಾಗುತ್ತದೆ. ಅಷ್ಟು ಶ್ರಮ ಏಕೆ ಬೇಕಿತ್ತೆಂದರೆ, ಹಸಿ ಬೀಜ ಒಣಗಿದ ಜಾಗದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಹುರಿದ ಬೀಜ ಕೆಲವೇ ವಾರಗಳಲ್ಲಿ ಪರಿಮಳ ಕಳೆದುಕೊಳ್ಳುತ್ತದೆ, ಪುಡಿಯಾದರೆ ಇನ್ನೂ ಬೇಗ. ಗಾಳಿಯಾಡದ ಪೊಟ್ಟಣಗಳು ಮನೆಮನೆಗೆ ತಲುಪುವ ಮುನ್ನ ಬೇಕಾದಷ್ಟನ್ನೇ ಹುರಿದು ಬೇಕಾದಷ್ಟನ್ನೇ ಪುಡಿ ಮಾಡುವುದೇ ತಾಜಾ ಕಾಫಿಗೆ ದಾರಿಯಾಗಿತ್ತು. ಕಾಫಿಯ ತವರಾದ ಇಥಿಯೋಪಿಯಾದಲ್ಲಿ ಇಂದಿಗೂ ಅತಿಥಿಗಳ ಎದುರಿಗೇ ಬೀಜ ಹುರಿದು, ಕುಟ್ಟಿ, ಅದೇ ಪುಡಿಗೆ ಮತ್ತೆ ನೀರು ಹಾಕಿ ಮೂರು ಸುತ್ತು ಕಾಫಿ ಕೊಡುತ್ತಾರೆ; ಆ ಸುತ್ತುಗಳಿಗೆ ಅಬೋಲ್, ತೋನಾ, ಬರಕಾ ಎಂಬ ಹೆಸರುಗಳಿವೆ. ಮೂರನೆಯದನ್ನು ಆಶೀರ್ವಾದವೆಂದು ತಿಳಿಯುವುದರಿಂದ ಅದನ್ನು ಕುಡಿಯದೆ ಎದ್ದು ಹೋಗುವುದು ಸರಿಯಲ್ಲವೆಂಬ ಭಾವನೆ ಅಲ್ಲಿದೆ.

ನಮ್ಮ ಮನೆಯಲ್ಲಿಯೂ ಚರಟವನ್ನು ಎರಡನೆಯ ಸಲ ಕುದಿಸುವ ರೂಢಿಯಿತ್ತು, ಆದರೆ ಅದಕ್ಕೆ ಆಶೀರ್ವಾದದ ಹೆಸರಿರಲಿಲ್ಲ. ಮೊದಲ ಸಲದ ಗಟ್ಟಿ ಕಾಫಿ ಗಂಡಸರಿಗೆ ಮತ್ತು ಬಂದವರಿಗೆ. ಎರಡನೆಯ ಸಲದ ತಿಳಿ ಕಾಫಿ ಅಡುಗೆಮನೆಯ ಹೆಂಗಸರಿಗೆ. ಬೀಜ ಹುರಿದ ಅಜ್ಜಿ ಎಲ್ಲರದೂ ಆದ ಮೇಲೆ, ಒಲೆಯ ಪಕ್ಕದಲ್ಲಿ ನಿಂತೇ, ಆರಿದ ತಿಳಿಯನ್ನು ಕುಡಿಯುತ್ತಿದ್ದರು. ಮಕ್ಕಳಿಗೆ ಹಾಲಿಗೆ ಬಣ್ಣ ಬರುವಷ್ಟು ಮಾತ್ರ. ಹಿರಿಯರ ಕಾಫಿಯ ನೆನಪನ್ನು ಬರೆಯುವವರು ಪರಿಮಳದ ಬಗ್ಗೆ ಬರೆದು ಇದನ್ನು ಬಿಟ್ಟರೆ ಆ ಬರಹ ಅರ್ಧಸತ್ಯವಾಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಯಾರು ಮೊದಲು ಕುಡಿದರು, ಯಾರು ಕೊನೆಗೆ ಕುಡಿದರು, ಯಾರು ಕೂತು ಕುಡಿದರು ಎಂಬುದು ಒಂದು ಮನೆಯ ವ್ಯವಸ್ಥೆಯನ್ನು ಎಷ್ಟೋ ದಾಖಲೆಗಳಿಗಿಂತ ಸ್ಪಷ್ಟವಾಗಿ ಹೇಳುತ್ತದೆ.

ಹಿರಿಯರ ಇನ್ನೂ ಅನೇಕ ಅಭ್ಯಾಸಗಳ ಹಿಂದೆ ಅಭಾವದ ಕಥೆಯಿದೆ. ಅಜ್ಜಿ ಪುಡಿ ಅಳೆಯುವಾಗ ಚಮಚದ ಮೇಲಿನ ಗೋಪುರವನ್ನು ಚಾಕುವಿನ ಬೆನ್ನಿನಿಂದ ಸವರಿ ಡಬ್ಬಿಗೇ ಬೀಳಿಸುತ್ತಿದ್ದರು. ಮನೆಯಲ್ಲಿ ಪುಡಿಗೆ ಕೊರತೆಯಿಲ್ಲದ ಕಾಲದಲ್ಲಿಯೂ ಆ ಸವರುವಿಕೆ ತಪ್ಪಲಿಲ್ಲ. ಯುದ್ಧಕಾಲದ ರೇಷನ್ನಿನಲ್ಲಿ ಬೆಳೆದ ಕೈ ಅದು. ಅಮೆರಿಕದಂಥ ದೇಶವೇ 1942ರ ನವೆಂಬರಿನಿಂದ 1943ರ ಜುಲೈವರೆಗೆ ಕಾಫಿಗೆ ರೇಷನ್ ವಿಧಿಸಿ, 15 ವರ್ಷ ದಾಟಿದವರಿಗೆ ಐದು ವಾರಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಮಾತ್ರ ಕೊಟ್ಟಿತು. ಬೀಜ ತರಬೇಕಾದ ಹಡಗುಗಳು ಯುದ್ಧದ ಕೆಲಸಕ್ಕೆ ಹೋಗಿದ್ದವು, ಉಳಿದವುಗಳಿಗೆ ಜಲಾಂತರ್ಗಾಮಿಗಳ ಭಯ. ಚಿಕೋರಿಯ ಕಥೆಯೂ ಇಂಥದ್ದೇ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ಯುರೋಪಿನ ಬಂದರುಗಳನ್ನು ಮುಚ್ಚಿಸಿದಾಗ ಕಾಫಿ ದುರ್ಲಭವಾಗಿ, ಹುರಿದ ಚಿಕೋರಿ ಬೇರು ಫ್ರಾನ್ಸಿನ ಮನೆಗಳಲ್ಲಿ ಅದರ ಜಾಗಕ್ಕೆ ಬಂತು. ಬಂದರುಗಳು ತೆರೆದ ಮೇಲೂ ಎಷ್ಟೋ ಮನೆಗಳಲ್ಲಿ ಆ ರುಚಿ ಉಳಿದುಕೊಂಡಿತು. ಅದಕ್ಕೂ ಮೊದಲು, 1781ರಲ್ಲಿ ಅಂದಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್ ಖಾಸಗಿಯಾಗಿ ಕಾಫಿ ಹುರಿಯುವುದನ್ನು ನಿರ್ಬಂಧಿಸಿ, ಬೀದಿಗಳಲ್ಲಿ ಹುರಿದ ವಾಸನೆ ಹಿಡಿದು ಪತ್ತೆ ಮಾಡಲು ಮಾಜಿ ಸೈನಿಕರನ್ನು ನೇಮಿಸಿದ್ದ. ತೀರ ಇತ್ತೀಚಿನದೂ ಇದೆ: 1975ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟು ಬೆಲೆ ಏರಿದಾಗ, ಪೂರ್ವ ಜರ್ಮನಿ 1977ರಲ್ಲಿ ಶೇ 51ರಷ್ಟು ಮಾತ್ರ ಕಾಫಿಯಿದ್ದ ಮಿಶ್ರಣವನ್ನು ಮಾರಾಟಕ್ಕೆ ತಂದಿತು. ಜನರ ದೂರುಗಳ ಮಹಾಪೂರಕ್ಕೆ ಅಲ್ಲಿನ ಸರ್ಕಾರವೇ ಮಣಿಯಬೇಕಾಯಿತು. ಅದನ್ನು ಕುಡಿದವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ.

ಉಪಕರಣಗಳ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕುದಿಸಿದ ಕಾಫಿಯ ಚರಟ ತಳಕ್ಕೆ ಇಳಿಯಲೆಂದು ತಣ್ಣೀರು ಚಿಮುಕಿಸಿದವರು, ಮೊಟ್ಟೆಯ ಚಿಪ್ಪು ಹಾಕಿದವರು, ಬಟ್ಟೆಯಲ್ಲಿ ಸೋಸಿದವರು ಬೇರೆ ಬೇರೆ ದೇಶಗಳಲ್ಲಿ ಇದ್ದರು. 1908ರಲ್ಲಿ ಜರ್ಮನಿಯ ಗೃಹಿಣಿ ಮೆಲಿಟಾ ಬೆಂಟ್ಸ್ ಮಗನ ನೋಟುಪುಸ್ತಕದ ಶಾಯಿ ಹೀರುವ ಕಾಗದವನ್ನು ತೂತು ಮಾಡಿದ ಪಾತ್ರೆಗೆ ಹಾಸಿ ಸೋಸಿದ್ದರಿಂದ ಕಾಗದದ ಫಿಲ್ಟರ್ ಬಂತು, 1933ರಲ್ಲಿ ಇಟಲಿಯಲ್ಲಿ, ಒಲೆಯ ಮೇಲಿಟ್ಟು ಹಬೆಯ ಒತ್ತಡದಿಂದ ಕಾಫಿ ಇಳಿಸುವ ಮೋಕಾ ಪಾತ್ರೆ ಬಂತು, 1938ರಲ್ಲಿ ನೆಸ್ಕೆಫೆ ಮಾರುಕಟ್ಟೆಗೆ ಬಂತು. ಇಸವಿಗಳು ಪುಸ್ತಕಗಳಲ್ಲಿ ಸಿಗುತ್ತವೆ. ಬಾಣಲೆ ಅಟ್ಟ ಸೇರಿದ್ದು ಯಾವ ವರ್ಷ, ಆ ದಿನ ಅಜ್ಜಿಗೆ ಬಿಡುವು ಸಿಕ್ಕಿತೆಂದು ಸಂತೋಷವಾಯಿತೋ ಕೈಯ ವಿದ್ಯೆ ಹೋಯಿತೆಂದು ಬೇಸರವಾಯಿತೋ ಎಂಬುದು ಆಯಾ ಮನೆಯವರು ಹೇಳಿದರೆ ಮಾತ್ರ ತಿಳಿಯುತ್ತದೆ.

ಟರ್ಕಿಯ ಕಾಫಿ ಸಂಪ್ರದಾಯ 2013ರಲ್ಲಿಯೂ ಅರಬ್ ಕಾಫಿಯ ಆತಿಥ್ಯ 2015ರಲ್ಲಿಯೂ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು. ಅದು ಸಂತೋಷದ ವಿಷಯ. ಸಾಸರಿನಲ್ಲಿ ಸುರಿದು ಕುಡಿದವರ, ಚರಟ ಮತ್ತೆ ಕುದಿಸಿದವರ, ಚಮಚ ಸವರಿದವರ ಅಭ್ಯಾಸಗಳು ಅಂಥ ಪಟ್ಟಿಗಳಿಗೆ ಸೇರುವ ಸಂಗತಿಗಳಲ್ಲವಾದ್ದರಿಂದ ಅವುಗಳಿಗೆ ಪತ್ರಿಕೆಯೇ ಆಸರೆಯಾಗಬೇಕು.

ಆದ್ದರಿಂದ ವಾರಕ್ಕೊಮ್ಮೆಯಾದರೂ ಓದುಗರ ಮನೆಯ ಹಿರಿಯರ ಕಾಫಿಯ ನೆನಪುಗಳಿಗೆ ಒಂದು ಅಂಕಣ ಮೀಸಲಿಡಬೇಕೆಂದು ವಿನಂತಿಸುತ್ತೇನೆ. "ನಿಮ್ಮ ಕಾಲದಲ್ಲಿ ಕಾಫಿ ಹೇಗಿತ್ತು ಅಜ್ಜಿ?" ಎಂದು ಕೇಳಿದರೆ "ಚೆನ್ನಾಗಿತ್ತಪ್ಪ" ಎಂಬ ಉತ್ತರದಲ್ಲಿಯೇ ಮಾತು ಮುಗಿಯುತ್ತದೆ. ಮನೆಗೆ ಮೊದಲು ಕಾಫಿ ತಂದವರು ಯಾರು, ಅದನ್ನು ಬೇಡವೆಂದವರು ಯಾರು, ಬೀಜ ಹುರಿಯುತ್ತಿದ್ದುದು ಯಾವ ಪಾತ್ರೆಯಲ್ಲಿ, ಕಾಫಿ ಸಿಗದ ದಿನಗಳಲ್ಲಿ ಏನನ್ನು ಹುರಿದು ಕುಡಿದರು, ಮಕ್ಕಳಿಗೆ ಎಷ್ಟನೆಯ ವಯಸ್ಸಿನಲ್ಲಿ ಕೊಡಲು ಆರಂಭಿಸಿದರು ಎಂದು ಒಂದೊಂದಾಗಿ ಕೇಳುವಂತೆ ಪ್ರಶ್ನೆಗಳನ್ನು ಅಂಕಣದ ಜೊತೆಗೇ ಅಚ್ಚು ಮಾಡಿದರೆ ಉಪಕಾರವಾಗುತ್ತದೆ. ಬರೆಯಲು ಕೈ ನಡುಗುವ ಹಿರಿಯರು ಹೇಳಿದ್ದನ್ನು ಮೊಮ್ಮಕ್ಕಳು ಬರೆದು ಕಳುಹಿಸಿದರೂ ತಾವು ಸ್ವೀಕರಿಸಬೇಕು. ಅವರ ಮಾತಿನ ಧಾಟಿಯನ್ನು ತಿದ್ದದೆ ಹಾಗೆಯೇ ಪ್ರಕಟಿಸಬೇಕು. ಮನೆಯಲ್ಲಿ ಉಳಿದಿರುವ ಹಳೆಯ ಬಾಣಲೆ, ಬೀಸುವ ಯಂತ್ರ, ಅಂಚು ಮುಕ್ಕಾದ ಸಾಸರುಗಳ ಚಿತ್ರಗಳಿಗೂ ಜಾಗವಿರಲಿ. ಮೊದಲ ಕಂತಿಗೆ ಬೇಕಾದರೆ ನನ್ನ ಅಜ್ಜಿಯ ಹುರಿಯುವ ಕ್ರಮವನ್ನು, ಅವರ ಮಗಳಾದ ನನ್ನ ತಾಯಿಯಿಂದ ಕೇಳಿ ಬರೆದು ಕಳುಹಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ