ಕಾಫಿ ಸಾಕಾದ್ರೆ ಕಪ್ ಅಲ್ಲಾಡಿಸು: ಮಸ್ಕತ್‌ಗೆ ಹೊರಟ ಗೆಳೆಯನಿಗೆ

ಲೋ ಪ್ರಕಾಶ,

ನಿನ್ನ ಆರು ನಿಮಿಷದ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ ಮಾರಾಯ. ಟಿಕೆಟ್ ಬುಕ್ ಆಯ್ತು ಅಂತ ಶುರು ಮಾಡಿದವನು ಆಮೇಲೆ ಬರೀ ಭಯಾನೇ ಹೇಳ್ಕೊಂಡಿದ್ದೀಯ, ಸುಮಾ ಬುರ್ಖಾ ಹಾಕ್ಕೋಬೇಕಾ, ಕುಂಕುಮ ಇಟ್ಕೊಂಡ್ರೆ ಯಾರಾದ್ರೂ ಏನಾದ್ರೂ ಅಂತಾರಾ, ಪೊಲೀಸ್ರು ಸುಮ್ಸುಮ್ನೆ ಹಿಡೀತಾರಾ ಅಂತ. ನಗಲ್ಲ ಬಿಡು, ಏಳು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆಗಳನ್ನ ತಲೇಲಿ ತುಂಬ್ಕೊಂಡೇ ಈ ಒಮಾನ್ ದೇಶದಲ್ಲಿ ಇಳಿದಿದ್ದು. ನನಗೆ ರಜ ಸಿಗೋದು ಎರಡೇ ದಿನ, ಮಿಕ್ಕ ದಿನ ನೀವಿಬ್ರೇ ಓಡಾಡ್ಬೇಕು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಇದೇ ಪ್ರಶ್ನೆ ಇನ್ನೂ ನಾಲ್ಕು ಜನ ಕೇಳಿದ್ರಿಂದ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದ್ದೀನಿ, ಬೇಜಾರು ಮಾಡ್ಕೋಬೇಡ.

ಮೊದಲು ಬುರ್ಖಾ ವಿಷಯ ಮುಗಿಸಿಬಿಡ್ತೀನಿ. ಬೇಡ. ಸಲ್ವಾರ್ ಕಮೀಜ್, ಸೀರೆ, ಕುರ್ತಾ ಜೀನ್ಸ್ ಎಲ್ಲ ಆರಾಮಾಗಿ ನಡೆಯುತ್ತೆ, ಕುಂಕುಮ ತಾಳಿ ಯಾರೂ ನೋಡೋದೂ ಇಲ್ಲ. ಮಸ್ಕತ್ತಿನಲ್ಲೇ ಹಳೇ ಶಿವನ ದೇವಸ್ಥಾನ ಇದೆ, ನೂರು ವರ್ಷಕ್ಕೂ ಹಳೇದು, 2018ರಲ್ಲಿ ಮೋದಿ ಬಂದಾಗ ಅಲ್ಲಿಗೂ ಹೋಗಿದ್ರು. ಇಲ್ಲಿ ಬಹಳಷ್ಟು ಜನ ಸುನ್ನಿನೂ ಅಲ್ಲ ಶಿಯಾನೂ ಅಲ್ಲ, ಇಬಾದಿ ಅನ್ನೋ ಪಂಥದವರು, ತಣ್ಣಗಿರೋ ಜನ. ಪಾಲಿಸ್ಬೇಕಾದ್ದು ಇಷ್ಟೇ, ಭುಜ ಮೊಣಕಾಲು ಮುಚ್ಚಿರ್ಲಿ, ಇದು ನಿನಗೂ ಅನ್ವಯ ಆಗುತ್ತೆ ಕಣೋ, ಆ ನಿನ್ನ ಹೂವಿನ ಚಡ್ಡಿ ಹಾಕ್ಕೊಂಡು ಮತ್ರಾ ಸೂಕ್ ಅನ್ನೋ ಹಳೇ ಮಾರ್ಕೆಟ್ ಒಳಗೆ ಬಂದ್ರೆ ನಾನು ನಿನ್ನ ಪಕ್ಕ ನಡಿಯಲ್ಲ. ಹೋಟೆಲ್ ಬೀಚಲ್ಲಿ ಏನಾದ್ರೂ ಹಾಕ್ಕೋ.

ದೊಡ್ಡ ಮಸೀದಿಗೆ ಹೋಗೋ ದಿನ ಮಾತ್ರ ಇನ್ನೊಂಚೂರು ಕಟ್ಟುನಿಟ್ಟು. ಸುಲ್ತಾನ್ ಕಾಬೂಸ್ ಗ್ರ್ಯಾಂಡ್ ಮಸೀದಿ, 2001ರಲ್ಲಿ ತೆರೆದಿದ್ದು, ನಮ್ಮಂಥವರನ್ನೂ ಒಳಗೆ ಬಿಡ್ತಾರೆ ಆದ್ರೆ ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ, ಶುಕ್ರವಾರ ಇಲ್ಲ, ಹೋಗೋ ಮುಂಚೆ ಒಂದ್ಸಲ ಟೈಮ್ ಚೆಕ್ ಮಾಡ್ಕೋ. ಸುಮಾ ತಲೆಗೆ ದುಪಟ್ಟಾ ಹೊದ್ಕೋಬೇಕು, ತೋಳು ಮಣಿಕಟ್ಟಿನ ತನಕ, ಕಾಲು ಹಿಮ್ಮಡಿ ತನಕ ಮುಚ್ಚಿರ್ಬೇಕು, ತೆಳ್ಳಗೆ ಕಾಣೋ ಬಟ್ಟೆ ಆಗಲ್ಲ. ಒಳಗಿರೋ ಕಾರ್ಪೆಟ್ ಒಂದೇ ಪೀಸು, 70 ಮೀಟರ್ ಉದ್ದ 60 ಮೀಟರ್ ಅಗಲ, ಇರಾನಿನ ಹೆಂಗಸರು 4 ವರ್ಷ ಕೂತು ನೇಯ್ದಿದ್ದು, ತೂಕ 21 ಟನ್. ಅದರ ಮೇಲೆ ನಮ್ಮನ್ನ ನಡಿಯೋಕೆ ಬಿಡಲ್ಲ, ಪಕ್ಕದಲ್ಲಿ ದಾರಿ ಹಾಕಿದಾರೆ. ಯಾರೋ ನಮಾಜ್ ಮಾಡ್ತಿದ್ರೆ ಅವರ ಎದುರಿಂದ ಹಾದು ಹೋಗ್ಬೇಡ, ಹಿಂದಿನಿಂದ ಹೋಗು.

ಈಗ ನಿಜವಾಗ್ಲೂ ಕಲೀಬೇಕಾದ್ದು ಹೇಳ್ತೀನಿ. ಇಲ್ಲಿ ಅವಸರ ಮಾಡೋದೇ ಮರ್ಯಾದೆಗೇಡು. ಅಂಗಡಿಗೆ ನುಗ್ಗಿ ನೇರ ಇದೆಷ್ಟು ಅಂತ ಕೇಳ್ಬಾರ್ದು, ಸಲಾಂ ಅಲೈಕುಂ ಅನ್ಬೇಕು, ಅವರು ಕೈಫ್ ಹಾಲಕ್, ಅಂದ್ರೆ ಹೇಗಿದ್ದೀಯ ಅಂತಾರೆ, ನೀನು ಅಲ್ಹಮ್ದುಲಿಲ್ಲಾ, ದೇವರ ದಯೆ ಅನ್ಬೇಕು, ಮತ್ತೆ ನೀನು ಕೇಳ್ಬೇಕು, ಮನೆ ಕಡೆ ಹೇಗಿದಾರೆ, ಏನ್ ಸಮಾಚಾರ, ಹೀಗೆ ಎರಡು ನಿಮಿಷ ಆದ್ಮೇಲೆ ವ್ಯಾಪಾರ. ಮನೆಯವರು ಹೇಗಿದಾರೆ ಅಂತ ಒಟ್ಟಾಗಿ ಕೇಳು, ನಿಮ್ಮ ಹೆಂಡ್ತಿ ಹೇಗಿದಾರೆ ಅಂತ ಬಿಡಿಸಿ ಕೇಳೋ ಪದ್ಧತಿ ಇಲ್ಲ. ಹೆಂಗಸರ ಕೈ ಕುಲುಕೋಕೆ ನೀನಾಗೇ ಕೈ ಚಾಚ್ಬೇಡ, ಅವರೇ ಚಾಚಿದ್ರೆ ಸರಿ, ಇಲ್ಲಾಂದ್ರೆ ಎದೆ ಮೇಲೆ ಬಲಗೈ ಇಟ್ಟು ಸ್ವಲ್ಪ ತಲೆ ಬಾಗಿಸಿದ್ರೆ ಸಾಕು. ಸುಮಾಗೂ ಇದನ್ನೇ ಹೇಳು, ಗಂಡಸರು ಕೈ ಕೊಡ್ಲಿಲ್ಲ ಅಂದ್ರೆ ಅವಮಾನ ಅಲ್ಲ, ಅದು ಅವರ ಲೆಕ್ಕದಲ್ಲಿ ಗೌರವ.

ನಾನು ಬಂದ ಮೊದಲ ಚಳಿಗಾಲ ನಿಜ್ವಾ ಹತ್ರ ಒಂದು ಹಳ್ಳೀಲಿ ಜೊತೆ ಕೆಲಸ ಮಾಡೋವ್ರ ಮನೆಗೆ ಕರೆದಿದ್ರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮಜ್ಲಿಸ್ ಅನ್ನೋ ಅತಿಥಿಗಳ ಕೋಣೇಲಿ ಗೋಡೆ ಒರಗಿ ನೆಲಕ್ಕೆ ಕೂತ್ವಿ, ಖರ್ಜೂರ ಬಂತು, ಕಹ್ವಾ ಬಂತು, ಏಲಕ್ಕಿ ಹಾಕಿದ ಕಾಫಿ, ಹಿಡಿ ಇಲ್ಲದ ಪುಟಾಣಿ ಕಪ್ಪಲ್ಲಿ ಎರಡು ಗುಟುಕು ಅಷ್ಟೇ. ಕುಡಿದು ಕಪ್ಪು ವಾಪಸ್ ಕೊಟ್ಟೆ, ಆ ಹುಡುಗ ಮತ್ತೆ ತುಂಬಿಸಿದ. ಥ್ಯಾಂಕ್ಸ್ ಅಂದೆ, ಮತ್ತೆ ತುಂಬಿಸಿದ. ಸಾಕು ಅಂತ ನಕ್ಕೆ, ಅವನೂ ನಕ್ಕು ಮತ್ತೆ ತುಂಬಿಸಿದ. ಆರನೇ ಕಪ್ಪಿಗೆ ನನ್ನ ಎದೆ ಢವಢವ ಅಂತಿತ್ತು, ಆಗ ಪಕ್ಕದಲ್ಲಿದ್ದ ಅಜ್ಜ ತನ್ನ ಖಾಲಿ ಕಪ್ಪನ್ನ ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ ತೋರಿಸಿದ್ರು. ಅಷ್ಟೇ ಕಣೋ, ಕಪ್ ಅಲ್ಲಾಡಿಸಿದ್ರೆ ಸಾಕು ಅಂತ ಅರ್ಥ, ಅಲ್ಲಾಡಿಸೋ ತನಕ ಹಾಕ್ತಾನೇ ಇರ್ತಾರೆ. ತಗೊಳ್ಳೋದು ಕೊಡೋದು ಎಲ್ಲ ಬಲಗೈಯಲ್ಲೇ, ಮತ್ತೆ ಒಂದೂ ಬೇಡ ಅನ್ನೋಕೆ ಹೋಗ್ಬೇಡ, ಒಂದು ಕಪ್ಪಾದ್ರೂ ಕುಡಿ. ಕೂತಾಗ ಪಾದದ ಅಡಿ ಯಾರ ಮುಖದ ಕಡೆಗೂ ತಿರುಗಿರ್ಬಾರ್ದು. ಊಟ ಆದ್ಮೇಲೆ ಧೂಪ ಹಿಡ್ಕೊಂಡು ಬರ್ತಾರೆ, ಬಟ್ಟೆಗೆ ಹೊಗೆ ಹಿಡಿಸ್ಕೊಂಡು ಎದ್ದು ಹೊರಡು, ಧೂಪ ಬಂದ್ಮೇಲೆ ಕೂರೋ ಹಾಗಿಲ್ಲ ಅಂತ ಗಲ್ಫಲ್ಲಿ ಒಂದು ಮಾತೇ ಇದೆ. ಅದು ಗೊತ್ತಿಲ್ದೇ ನಾನು ಇನ್ನೂ ಮುಕ್ಕಾಲು ಗಂಟೆ ಕೂತಿದ್ದೆ, ಪಾಪ ಯಾರೂ ಏನೂ ಅನ್ಲಿಲ್ಲ.

ಫೋಟೋ ವಿಷಯ ಹುಷಾರು. ಮುದುಕರ ಮುಖ, ಅವರ ಕಸೂತಿ ಟೋಪಿ ಕುಮ್ಮಾ, ದಿಶ್ದಾಶಾ ಅನ್ನೋ ಉದ್ದ ನಿಲುವಂಗಿಯ ಕೊರಳಿಂದ ಇಳಿಬಿದ್ದಿರೋ ಅತ್ತರು ಅದ್ದಿದ ಕುಚ್ಚು ಎಲ್ಲ ನೋಡಿದ್ರೆ ಕೈ ಸುಮ್ನಿರಲ್ಲ, ಆದ್ರೆ ಕೇಳಿ ತೆಗಿ. ಹೆಂಗಸರದ್ದು ಕೇಳದೆ ತೆಗೀಲೇಬೇಡ. ಪೊಲೀಸ್ ಸ್ಟೇಷನ್ನು, ಮಿಲಿಟರಿ ಜಾಗಗಳ ಕಡೆ ಕ್ಯಾಮೆರಾ ಎತ್ಲೇಬೇಡ. ಡ್ರೋನ್ ಮನೇಲೇ ಬಿಟ್ಟು ಬಾ, ಪರ್ಮಿಷನ್ ಇಲ್ದೇ ಹಾರಿಸೋ ಹಾಗಿಲ್ಲ. ಸುಲ್ತಾನರ ಬಗ್ಗೆ ಜೋಕು, ಧರ್ಮದ ಬಗ್ಗೆ ವಾದ ಬೇಡವೇ ಬೇಡ, ಅದು ಇಲ್ಲಿ ಕಾನೂನಿನ ವಿಷಯ, ವಾಟ್ಸಾಪಲ್ಲಿ ಬರೆದ್ರೂ ಅಷ್ಟೇ. ಗಾಡಿ ಓಡಿಸುವಾಗ ನಿನ್ನ ಅಭ್ಯಾಸದಂತೆ ಕೈಯೆತ್ತಿ ಬೈಬೇಡ, ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಕೇಸೇ ಆಗುತ್ತೆ. ಎಣ್ಣೆ ಲೈಸೆನ್ಸ್ ಇರೋ ಹೋಟೆಲಲ್ಲಿ ಸಿಗುತ್ತೆ, ಒಳಗೇ ಮುಗಿಸಿ ಟ್ಯಾಕ್ಸಿ ಹಿಡಿ.

ಬ್ಯಾಗ್ ಪ್ಯಾಕ್ ಮಾಡುವಾಗ ಮಾತ್ರೆ ಡಬ್ಬಿ ಒಂದ್ಸಲ ನೋಡು. ಅಮ್ಮನ ಮಂಡಿ ನೋವಿನ ಟ್ರಮಡಾಲ್, ಕೊಡೀನ್ ಇರೋ ಕೆಮ್ಮಿನ ಸಿರಪ್ಪು ಇವನ್ನೆಲ್ಲ ಸುಮ್ನೆ ಇರ್ಲಿ ಅಂತ ತುರುಕಬೇಡ, ಬೇಕೇಬೇಕು ಅಂದ್ರೆ ಡಾಕ್ಟರ ಚೀಟಿ ಜೊತೆಗಿರ್ಲಿ, ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸು. ನೀನು ದುಬೈ ಮೇಲೆ ಬರ್ತಿದ್ದೀಯಲ್ಲ, ಗಸಗಸೆ ಅಂತೂ ಒಂದು ಕಾಳೂ ಬೇಡ, ಅಲ್ಲಿ ಅದು ಮಾದಕ ವಸ್ತು ಲೆಕ್ಕ. ನನಗೆ ತಿಂಡಿ ತರ್ತೀನಿ ಅಂತ ಪೊಟ್ಟಣ ಕಟ್ಟೋ ಉತ್ಸಾಹದಲ್ಲಿ ಇದನ್ನ ಮರೀಬೇಡ. ದುಡ್ಡಿಂದು ಒಂದು ಗಮನ ಇರ್ಲಿ, ಒಂದು ರಿಯಾಲಿಗೆ 100 ಅಲ್ಲ 1000 ಬೈಸಾ, ಬೋರ್ಡಲ್ಲಿ 0.500 ಅಂದ್ರೆ ಅರ್ಧ ರಿಯಾಲು, ಅದೇ ನಮ್ಮ 100 ರೂಪಾಯಿಗಿಂತ ಜಾಸ್ತಿ. ರಂಜಾನ್ ತಿಂಗಳಲ್ಲಿ ಬಂದಿದ್ರೆ ಹಗಲು ಹೊರಗೆ ನೀರು ಕುಡಿಯೋ ಹಾಗೂ ಇರ್ಲಿಲ್ಲ, ನೀವು ಡಿಸೆಂಬರಲ್ಲಿ ಬರ್ತಿರೋದ್ರಿಂದ ಆ ಚಿಂತೆ ಇಲ್ಲ.

ನೀನು ಜನಕ್ಕೆ ಹೆದರ್ತಿದ್ದೀಯ, ನಾನು ಇಷ್ಟು ವರ್ಷದಲ್ಲಿ ಇಲ್ಲಿ ಹೆದರಿದ್ದು ನೀರಿಗೆ ಮಾತ್ರ. ಮರಳುಗಾಡಲ್ಲಿ ನೀರಾ ಅಂತೀಯ. ವಾಡಿ ಅಂದ್ರೆ ಬೆಟ್ಟದ ಸಂದಿಯ ಹೊಳೆ, ಹೆಚ್ಚಿನವು ಒಣಗಿರ್ತವೆ, ಆದ್ರೆ ವಾಡಿ ಶಾಬ್ ಅಂತೂ ಹಸಿರು ಗಾಜಿನ ಥರ ನೀರು, ನೀನು ಹೋಗ್ದೇ ಇರಲ್ಲ ಅಂತ ಗೊತ್ತು. ಒಂದ್ಸಲ ನಾವು ನಾಲ್ಕು ಜನ ಅಲ್ಲಿ ಈಜ್ತಿದ್ವಿ, ಮೇಲೆ ಆಕಾಶ ಚೊಕ್ಕ ನೀಲಿ, ಒಂದು ಮೋಡ ಇಲ್ಲ. ನೀರು ಸ್ವಲ್ಪ ಟೀ ಬಣ್ಣಕ್ಕೆ ತಿರುಗಿದ ಹಾಗೆ ಕಂಡಿತು, ಒಣ ಎಲೆ ಕಡ್ಡಿ ತೇಲಿ ಬಂತು, ನಾವು ಅದನ್ನ ನೋಡ್ತಾ ನಿಂತಿದ್ವಿ. ಒಬ್ಬ ಒಮಾನಿ ಬಂಡೆ ಮೇಲಿಂದ ಕಿರುಚ್ತಾ ಬಂದು ನನ್ನ ತೋಳು ಹಿಡಿದು ಮೇಲಕ್ಕೆ ಎಳೆದ. ಹತ್ತು ನಿಮಿಷ ಆಗಿತ್ತೋ ಇಲ್ವೋ, ನಮ್ಮ ಚಪ್ಪಲಿ ಟವೆಲ್ ಇಟ್ಟಿದ್ದ ಜಾಗದಲ್ಲಿ ಕೆಂಪು ನೀರು ಕಲ್ಲು ಉರುಳಿಸ್ಕೊಂಡು ಹೋಗ್ತಿತ್ತು. ಮಳೆ ಬಿದ್ದಿದ್ದು ಎಲ್ಲೋ ದೂರದ ಬೆಟ್ಟದಲ್ಲಿ. ಅದಕ್ಕೇ ಹೋಗೋ ದಿನ ಬೆಳಿಗ್ಗೆ ಹವಾಮಾನ ನೋಡು, ಬೆಟ್ಟದ ಕಡೆ ಮಳೆ ಅಂದ್ರೆ ಆ ದಿನ ಬಿಟ್ಬಿಡು, ಒಳಗಿದ್ದಾಗ ನೀರಿನ ಬಣ್ಣ ಬದಲಾದ್ರೆ ಫೋಟೋ ಗೀಟೋ ಬಿಟ್ಟು ಎತ್ತರಕ್ಕೆ ಹತ್ತು. ವಾಡಿ ಹರೀತಿರೋ ರಸ್ತೇಲಿ ಕಾರು ಇಳಿಸೋದು ಅಪರಾಧ, ದಂಡ ಅಲ್ಲದೆ ಜೈಲೂ ಉಂಟು. ಮುಂದಿನ ಗಾಡಿ ದಾಟ್ತು ಅಂತ ನೀನೂ ಹೋಗ್ಬೇಡ. ರಾತ್ರಿ ಹೈವೇಲಿ ಒಂಟೆ ಅಡ್ಡ ಬರುತ್ತೆ, ಕತ್ತಲಲ್ಲಿ ಕಾಣಲ್ಲ, ಆದ್ರಿಂದ ಸಂಜೆಯೊಳಗೆ ವಾಪಸ್ ಬಂದ್ಬಿಡಿ. ಏನಾದ್ರೂ ಆದ್ರೆ 9999ಕ್ಕೆ ಫೋನ್ ಮಾಡು, ಆಮೇಲೆ ನನಗೆ.

ನೀವು ಇಳಿಯೋದು ಗುರುವಾರ ರಾತ್ರಿ. ಶುಕ್ರವಾರ ಇಲ್ಲಿ ರಜೆ, ಮಧ್ಯಾಹ್ನದ ನಮಾಜ್ ಮುಗಿಯೋ ತನಕ ಬಹಳಷ್ಟು ಅಂಗಡಿ ತೆಗೆಯಲ್ಲ, ಹೋಟೆಲಲ್ಲಿ ಕೂತು ಏನ್ ಮಾಡ್ತೀರ. ನಿಜ್ವಾದಲ್ಲಿ ಶುಕ್ರವಾರ ಬೆಳಿಗ್ಗೆ ಮೇಕೆ ಸಂತೆ, ಮೇಕೆಗಳನ್ನ ವೃತ್ತದಲ್ಲಿ ಸುತ್ತಿಸ್ತಾ ಕೂಗಿ ಹರಾಜು ಹಾಕ್ತಾರೆ, ಬಿಸಿಲೇರೋ ಹೊತ್ತಿಗೆ ಮುಗಿದೇ ಹೋಗಿರುತ್ತೆ. ಒಂದೂವರೆ ಗಂಟೆ ದಾರಿ, ನಾಲ್ಕೂವರೆಗೆ ಕೆಳಗೆ ಹಾರ್ನ್ ಹೊಡೀತೀನಿ, ಬರುವಾಗ ಆ ಅಜ್ಜನ ಮನೆಗೂ ಹೋಗೋಣ. ಅಲಾರಂ ಸುಮಾ ಫೋನಲ್ಲಿ ಇಡು, ನಿನ್ನದ್ರಲ್ಲಿ ಬೇಡ.

ನಿನ್ನ
ಗಿರೀಶ