ತೋಡಿಗಿಳಿಯುವ ಕೆಂಪು ನೀರು

ಮಾನ್ಯರೇ,

ನೇತ್ರಾವತಿ, ಫಲ್ಗುಣಿ ದಂಡೆಯಲ್ಲಿ ಲೇಔಟ್‌ಗೆಂದು ಗುಡ್ಡ ಜರಿದ ಮಣ್ಣು ಮೊದಲ ಮಳೆಗೇ ತೋಡಿಗಿಳಿದು ಬೈಲುಗದ್ದೆ, ಕಾಂಡ್ಲಾ (ಮ್ಯಾಂಗ್ರೋವ್) ಬುಡ ಮುಚ್ಚುತ್ತದೆ. ಸೈಟಿನ ಸುತ್ತ ಕಟ್ಟುವ ಹಸಿರು ನೆಟ್ ಬರೀ ತೋರಿಕೆ. ಅದರಡಿಯಿಂದಲೇ ಕೆಸರು ನುಗ್ಗುತ್ತದೆ. ಅದರ ಬದಲು ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯ ಬೇಲಿ ಕಟ್ಟಿ, ಕೆಳ ಅಂಚನ್ನು ಅರ್ಧ ಅಡಿ ಆಳದ ಕಣಿಯಲ್ಲಿ ಹೂತು ಮಣ್ಣು ಗುದ್ದಬೇಕು. ಅದೂ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ. ಹರಿಯುವ ತೋಡಿಗೆ ಅಡ್ಡ ಕಟ್ಟಿದರೆ ಕೊಚ್ಚಿಹೋಗುತ್ತದೆ. ಹೂಳು ಬೇಲಿಯ ಮೂರನೇ ಒಂದು ಭಾಗಕ್ಕೆ ಏರಿದೊಡನೆ ತೆಗೆಯಬೇಕು, ಇಲ್ಲದಿದ್ದರೆ ಬೇಲಿಯೇ ಮಗುಚುತ್ತದೆ. ಕಾಂಕ್ರೀಟ್ ಮಿಕ್ಸರ್ ತೊಳೆದ ಕ್ಷಾರದ ನೀರು ಮೀನಿಗೆ ವಿಷ. ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿದ ಗುಂಡಿ ಬೇರೆ ಇರಲಿ.

2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆ 1,000 ಚದರ ಮೀಟರ್ ಮೀರಿದ ಕಾಂಡ್ಲಾ ಕಾಡಿಗೆ 50 ಮೀಟರ್ ರಕ್ಷಣಾ ಅಂತರ ಕೊಟ್ಟಿದೆ. ಖಾಸಗಿ ಜಾಗದ ಕಾಂಡ್ಲಾಕ್ಕೆ ಅದೂ ಇಲ್ಲ! ಗುಡ್ಡ ಅಗೆತವಾದರೂ ಮೇ ಮಧ್ಯಕ್ಕೆ ನಿಲ್ಲಲಿ.

– ಓದುಗ, ಮಂಗಳೂರು