ಅಜ್ಜಿ ಟಿವಿ ಆರಿಸಿದ್ದು ಯಾವಾಗ?

ಸೋಮವಾರಪೇಟೆ
ಜುಲೈ ತಿಂಗಳು

ಪ್ರೀತಿಯ ಮಗಳೇ,

ನಟಿ ಕಲ್ಪನಾ ಬಗ್ಗೆ ನೀನು ಬರೆದು ಕಳಿಸಿದ ಕಟ್ಟು ಬಂದು ಹನ್ನೆರಡು ದಿನವಾಯಿತು. ಮಳೆಗೆ ಮೇಲಿನ ಕವರ್ ಒದ್ದೆಯಾಗಿತ್ತು, ಒಳಗಿನ 62 ಹಾಳೆಗೆ ಏನೂ ಆಗಿರಲಿಲ್ಲ. ಕರೆಂಟ್ ಇಲ್ಲದ ನಾಲ್ಕು ರಾತ್ರಿ ಎಮರ್ಜೆನ್ಸಿ ಲೈಟ್ ಹಚ್ಚಿಕೊಂಡು ಎರಡು ಸಲ ಓದಿದೆ. ಕೊನೆಯ ಹಾಳೆಯಲ್ಲಿ ನೀನು ಬರೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ. "ಯಾವತ್ತೋ ಸತ್ತ ನಟಿ ಬಗ್ಗೆ ಯಾರು ಓದ್ತಾರೆ ಅಂತ ಮನೆಯಲ್ಲಿ ನಗ್ತಾರೆ ಟೀಚರ್. ಒಲೆಗೆ ಹಾಕಿಬಿಡಲಾ?"

ಹಾಕಬೇಡ. ನಗುವವರು ನಗಲಿ.

ಎಲ್ಲಿಗೆ ಕಳಿಸಬೇಕು, ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ನನಗೆ ಹೇಳಬೇಕಾದದ್ದು ಬೇರೆ ಇದೆ, ಸ್ವಲ್ಪ ಬೈಗುಳವೂ ಇದೆ.

ಮೊದಲ ಪುಟದಲ್ಲೇ ಕಲ್ಪನಾ ಅವರನ್ನು "ಅಭಿನಯ ಶಾರದೆ" ಎಂದು ಕರೆದಿದ್ದೀಯ. ಅದು ಜಯಂತಿ ಅವರ ಬಿರುದು. ಕಲ್ಪನಾ ಮಿನುಗುತಾರೆ. ಸಣ್ಣ ತಪ್ಪು ಅಂದುಕೊಳ್ಳಬೇಡ. ಹೊಗಳುವ ಭರದಲ್ಲಿ ಕೈಗೆ ಸಿಕ್ಕ ಹೂವನ್ನೆಲ್ಲ ಮುಡಿಸುತ್ತಾ ಹೋದರೆ, ಯಾರ ಮುಡಿ ಅನ್ನುವುದೇ ಮರೆತುಹೋಗುತ್ತದೆ. "ಅಮೋಘ", "ಅದ್ಭುತ", "ಪರಕಾಯ ಪ್ರವೇಶ" ಎಷ್ಟು ಸಲ ಬಂದಿವೆ ಅಂತ ಎಣಿಸುತ್ತಾ ಹೋದೆ. 40 ದಾಟಿದ ಮೇಲೆ ಬಿಟ್ಟುಬಿಟ್ಟೆ.

ಇನ್ನೊಂದು ಮಾತಿಗೆ ನನಗೆ ನಿಜವಾಗಿಯೂ ಕೋಪ ಬಂತು. 'ಬಯಲು ದಾರಿ' ಸಿನಿಮಾ ಬಗ್ಗೆ ಐದು ಪುಟ ಬರೆದಿದ್ದೀಯ. ಅದರ ಮೂಲ ಕಾದಂಬರಿ ಬರೆದ ಭಾರತೀಸುತರ ಹೆಸರು ಒಂದು ಕಡೆಯೂ ಇಲ್ಲ. ಅವರು ನಮ್ಮ ಕೊಡಗಿನವರು. ನೀನೇ ಅವರನ್ನು ನೆನೆಯದಿದ್ದರೆ ಇನ್ನು ಯಾರು ನೆನೆಯಬೇಕು? 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು. 'ಬೆಳ್ಳಿಮೋಡ', 'ಶರಪಂಜರ' ಎರಡೂ ತ್ರಿವೇಣಿ ಅವರ ಕಾದಂಬರಿಗಳು. ತ್ರಿವೇಣಿ 1963ರಲ್ಲಿ ತೀರಿಕೊಂಡರು. ಅದೇ ವರ್ಷ ಕಲ್ಪನಾ 'ಸಾಕು ಮಗಳು' ಚಿತ್ರದಲ್ಲಿ ಮೊದಲ ಸಲ ಪರದೆಗೆ ಬಂದರು. ತನ್ನ 'ಬೆಳ್ಳಿಮೋಡ'ದ ಇಂದಿರಾ, ತನ್ನ 'ಶರಪಂಜರ'ದ ಕಾವೇರಿ ಪರದೆಯಲ್ಲಿ ಯಾರ ಮುಖ ಹೊತ್ತು ಬಂದರು ಅಂತ ಆ ತಾಯಿಗೆ ಗೊತ್ತಾಗಲೇ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ನನ್ನದೊಂದು ವಿಷಯ ಹೇಳುತ್ತೇನೆ. ಇದುವರೆಗೆ ಎಲ್ಲೂ ಬರೆದಿಲ್ಲ.

'ಶರಪಂಜರ' ಬಂದದ್ದು 1971ರಲ್ಲಿ. ನಾನಾಗ ಮಡಿಕೇರಿಯಲ್ಲಿ ಹಾಸ್ಟೆಲಿನಲ್ಲಿದ್ದೆ. "ಕೊಡಗಿನ ಕಾವೇರಿ" ಹಾಡು ಬಂದರೆ ಟಾಕೀಸಿನಲ್ಲಿ ಎಲ್ಲರ ಮುಖ ಅರಳುತ್ತಿತ್ತು. ನಮ್ಮ ಹೊಳೆಯ ಹೆಸರಲ್ವಾ? ಬಾಣಂತನದಲ್ಲಿ ಆ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ವಾಸಿಯಾಗಿದ್ದಾಳೆ ಅಂತ ಯಾರೂ ನಂಬುವುದಿಲ್ಲ, ಗಂಡನೂ ನಂಬುವುದಿಲ್ಲ. ನಾನು ಮೂರು ಸಲ ನೋಡಿದೆ, ಮೂರು ಸಲವೂ ಅತ್ತೆ.

1979ರ ಮೇ ತಿಂಗಳಲ್ಲಿ ಕಲ್ಪನಾ ತೀರಿಕೊಂಡರು. 40 ಕೂಡ ತುಂಬಿರಲಿಲ್ಲ. ನಾನು ಹೊಸದಾಗಿ ಟೀಚರ್ ಆಗಿದ್ದೆ, ಬರೆಯುವ ಹುಚ್ಚು ಬೇರೆ. ಒಂದು ವಾರಪತ್ರಿಕೆಯವರು ಲೇಖನ ಕೇಳಿದರು. ಒಂದೇ ರಾತ್ರಿಯಲ್ಲಿ ಬರೆದುಕೊಟ್ಟೆ. ಪಾತ್ರವನ್ನೂ ಅವರನ್ನೂ ಒಂದೇ ಮಾಡಿಬಿಟ್ಟೆ. "ಕಾವೇರಿಯ ಗತಿಯೇ ಕಲ್ಪನಾಗೆ ಬಂತು" ಎಂದು ಬರೆದೆ. ಅವರ ಸ್ವಂತ ಬದುಕಿನ ಬಗ್ಗೆ ನನಗೆ ಒಂದಿಷ್ಟೂ ಗೊತ್ತಿರಲಿಲ್ಲ. ಜನ ಆಡಿಕೊಂಡದ್ದನ್ನು ಕೇಳಿ ಬರೆದೆ. ಲೇಖನಕ್ಕೆ ರಾಶಿ ಕಾಗದ ಬಂತು. ಕಣ್ಣೀರು ಬಂತು ಅಂತ ಎಲ್ಲರೂ ಹೊಗಳಿದರು. ನಾನೂ ಹಿಗ್ಗಿದೆ.

ಒಂದು ಸಂಜೆ ನಮ್ಮ ಸಾಲುಮನೆಯ ಒಬ್ಬ ಹೆಂಗಸು ಆ ಪತ್ರಿಕೆ ಹಿಡಿದುಕೊಂಡು ಬಂದರು. ಬಾಗಿಲಲ್ಲೇ ನಿಂತು ಹೇಳಿದರು: "ಎರಡನೇ ಹೆರಿಗೆ ಆದ ಮೇಲೆ ನನಗೂ ಹಾಗೇ ಆಗಿತ್ತು ಟೀಚರ್. ವಾಸಿಯಾಗಿ ಬಂದೆ. ಕೈಯಿಂದ ಒಂದು ಲೋಟ ಜಾರಿದರೂ, ಮತ್ತೆ ಶುರುವಾಯ್ತಾ ಅಂತ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಸಿನಿಮಾದಲ್ಲಿ ಆ ನೋಟ ಇತ್ತು. ಆಯಮ್ಮನಿಗೆ ಅದು ಹೇಗೆ ಗೊತ್ತಾಯ್ತೋ! ನೀವು ಬರೆದದ್ದರಲ್ಲಿ ಅದನ್ನೇ ಹುಡುಕಿದೆ. ಇರಲಿಲ್ಲ."

ಪತ್ರಿಕೆಯನ್ನು ಜಗಲಿ ಮೇಲಿಟ್ಟು ಹೋದರು. ಬೈಯಲಿಲ್ಲ. ಅಷ್ಟು ಹೇಳಿದ್ದೇ ಹೆಚ್ಚು ಅನ್ನುವ ಹಾಗೆ ತಲೆ ತಗ್ಗಿಸಿಕೊಂಡು ಹೋದರು.

ಮಗಳೇ, ಮೂರು ಸಲ ನೋಡಿದ್ದ ನನಗೆ ಆ ನೋಟ ಕಂಡಿರಲಿಲ್ಲ ಅಂತಲ್ಲ. ಕಂಡಿತ್ತು. ಅಳುವುದಕ್ಕೆ ಅದೇ ಕಾರಣ. ಬರೆಯುವಾಗ ಮಾತ್ರ ಅದನ್ನು ಬಿಟ್ಟು ದೊಡ್ಡ ದೊಡ್ಡ ಮಾತು ಪೇರಿಸಿದೆ. ಆ ಹೆಂಗಸಿಗೆ ಬೇಕಿದ್ದದ್ದು ಒಂದು ಸಾಲು. ಅದನ್ನು ನಾನು ಕೊಡಲಿಲ್ಲ.

ಅದಕ್ಕೇ ನಿನ್ನ ಮೇಲೆ ಇಷ್ಟು ರೇಗುತ್ತಿದ್ದೇನೆ. ಕಲ್ಪನಾ ಅವರನ್ನು ನೀನು ನನಗಿಂತ ಜಾಸ್ತಿ ಪ್ರೀತಿಸುತ್ತೀಯ, ಅದು ಪುಟ ಪುಟದಲ್ಲೂ ಕಾಣುತ್ತದೆ. ಹಾಗಿದ್ದರೆ ಅವರನ್ನು ಸರಿಯಾಗಿ ನೋಡು. ಕೆಲವು ಚಿತ್ರಗಳಲ್ಲಿ ಅವರ ಅಳು, ಕೂಗು ಅತಿಯಾಯಿತು ಅಂತ ನನಗೆ ಅನಿಸುತ್ತದೆ. ನಿನಗೂ ಅನಿಸಿದ್ದರೆ ಬರೆ. ಪ್ರೀತಿ ಅಷ್ಟಕ್ಕೆಲ್ಲ ಕಡಿಮೆಯಾಗುವುದಿಲ್ಲ. ಅವರು ಸತ್ತದ್ದರ ಬಗ್ಗೆ ಬರೆದ 11 ಪುಟ ತೆಗೆದುಬಿಡು. ಅದರಲ್ಲಿ ನೀನು ಕಂಡದ್ದು ಒಂದೂ ಇಲ್ಲ.

ಇಡೀ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 17ನೇ ಪುಟದ ಒಂದು ಸಾಲು. "'ಬೆಳ್ಳಿಮೋಡ' ನೋಡುವಾಗ ಅಜ್ಜಿ ನಡುವೆಯೇ ಟಿವಿ ಆರಿಸಿ ಕಣಕ್ಕೆ ಹೋದರು." ಅಷ್ಟೇ ಬರೆದು ಮುಂದಕ್ಕೆ ಓಡಿದ್ದೀಯ! ಯಾಕೆ ಆರಿಸಿದರು? ಯಾವ ದೃಶ್ಯದಲ್ಲಿ?

ಯೋಚನೆ ಮಾಡು. ಇಂದಿರಾ ತೋಟದ ಮನೆಯ ಒಬ್ಬಳೇ ಮಗಳು. ಆಸ್ತಿಯೆಲ್ಲ ಅವಳದೇ ಅಂತ ಮೋಹನ ಮದುವೆಗೆ ಒಪ್ಪುತ್ತಾನೆ. ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಮೋಹನನ ಮನಸ್ಸು ತಿರುಗುತ್ತದೆ. ಕೊನೆಗೆ ಅವನೇ ಬಂದು ಕೇಳಿದಾಗ ಅವಳು ಒಲ್ಲೆ ಅನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಪರದೆ ಮೇಲೆ ತೋರಿಸಿದರು. ನೀನು ಕಾಫಿ ತೋಟದ ನಡುವೆ ಹುಟ್ಟಿದವಳು. ತೋಟ ಯಾರ ಹೆಸರಿಗೆ, ಹೆಣ್ಣುಮಗಳಿಗೆ ಎಷ್ಟು ಅನ್ನುವ ಮಾತು ಕೇಳುತ್ತಲೇ ಬೆಳೆದವಳು. ಇಂದಿರಾ ಬಗ್ಗೆ ನಿನಗೆ ತಿಳಿದಷ್ಟು ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ತಿಳಿಯುತ್ತದಾ? ಆದರೂ ನೀನು ಬರೆದದ್ದು ಅವರ ಸೀರೆ, ಬಳೆ, ತುರುಬು. ಅದೂ ಇರಲಿ, ಆ ಸೀರೆಗಳಿಗೆ ನಾವೂ ಆಸೆಪಟ್ಟವರೇ. ಆದರೆ ಅಷ್ಟೇ ಆಗಬಾರದು.

ಅಜ್ಜಿಯನ್ನು ಕೇಳು. ನೇರವಾಗಿ ಕೇಳಬೇಡ, ಹೇಳಲಿಕ್ಕಿಲ್ಲ. ಸಂಜೆ ಕಾಫಿ ಕುಡಿಯುವಾಗ ಸುಮ್ನೆ ಆ ಸಿನಿಮಾ ಮತ್ತೆ ಹಾಕು. ಪಕ್ಕದಲ್ಲಿ ಕೂತುಕೋ. ಈ ಸಲ ಕಲ್ಪನಾ ಅವರನ್ನು ಒಂದು ಕಣ್ಣಲ್ಲಿ, ಅಜ್ಜಿಯನ್ನು ಇನ್ನೊಂದು ಕಣ್ಣಲ್ಲಿ ನೋಡು. ಅಜ್ಜಿ ಎದ್ದು ಹೋದರೆ ತಡೆಯಬೇಡ.

ಆಗಸ್ಟ್ ಕೊನೆಗೆ ಮಳೆ ಸ್ವಲ್ಪ ಬಿಡುತ್ತದೆ. ಆಗ ಒಮ್ಮೆ ಬಾ. ಹಾಳೆಗಳು ಇಲ್ಲೇ ಇವೆ, ಅಂಚಿನಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೀಚಿದ್ದೇನೆ. ಬರುವ ಹಿಂದಿನ ದಿನ ಫೋನ್ ಮಾಡು, ಮಧ್ಯಾಹ್ನ ಊಟಕ್ಕೆ ಇಲ್ಲೇ ಇರಬೇಕು. ಅಜ್ಜಿಗೆ ನಡೆಯಲು ಆಗುವುದಾದರೆ ಅವರನ್ನೂ ಕರೆದುಕೊಂಡು ಬಾ.

ನಿನ್ನ
ಟೀಚರ್